ಟೆಂಪೊ ಟ್ರಾವೆಲರ್ ಮೋಟರ್‌ಹೋಮ್‌ಗೆ ಕಾರಿನ ಏರ್ ಕಂಪ್ರೆಸರ್ ಸಾಕಾಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿ ಮೋಟರ್‌ಹೋಮ್ ಮಾಡಿಸಿದ್ದೀರಿ. ಟೈರಿಗೆ 65 ಪಿಎಸ್‌ಐ ಗಾಳಿ ಬೇಕು. ಕಾರಿಗೆಂದು ತಂದಿಟ್ಟ ಸಣ್ಣ ಕಂಪ್ರೆಸರ್‌ನ ಡಬ್ಬದ ಮೇಲೆ 150 ಪಿಎಸ್‌ಐ ಎಂದು ಅಚ್ಚಾಗಿದೆ, ಅದೇ ಸಾಲದೇ?

ಸಾಲದು. ನಿಮ್ಮ ಹಾಗೆ ನಾನೂ ದಾವಣಗೆರೆಯವನೇ. ಇದೇ ಲೆಕ್ಕ ಹಾಕಿಕೊಂಡು ಹೊರಟು, ಭರಮಸಾಗರದ ಹತ್ತಿರ ಹೆದ್ದಾರಿಯ ಬದಿಯಲ್ಲಿ ಏಪ್ರಿಲ್ ಬಿಸಿಲನ್ನು ನೆತ್ತಿಗೆ ಇಳಿಸಿಕೊಂಡವನು.

ಹಿರಿಯೂರಿನ ವಾಣಿವಿಲಾಸ ಸಾಗರ ನೋಡಿಕೊಂಡು ವಾಪಸು ಬರುತ್ತಿದ್ದೆವು. ಚಹಾಕ್ಕೆಂದು ನಿಲ್ಲಿಸಿದಾಗ ಗಾಡಿಯ ಹಿಂದೆ ಒಂದು ಸುತ್ತು ಬಂದ ನನ್ನ ಹೆಂಡತಿ, ‘ಈ ಚಕ್ರ ಕೂತುಕೊಂಡ ಹಾಗಿದೆಯಲ್ಲ, ನೋಡಿ’ ಎಂದಳು. ಗೇಜು ಇಟ್ಟರೆ 40. ಟೈರಿನ ಮೈಯಲ್ಲಿ ಒಂದು ಮೊಳೆ, ಸಣ್ಣಗೆ ಗಾಳಿ ಬಿಡುತ್ತಿತ್ತು. ನನಗೇನು, ಕಂಪ್ರೆಸರ್ ಇದೆ ಎಂಬ ಧೈರ್ಯ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿ ಶುರು ಮಾಡಿದೆ. 45ರ ತನಕ ಸಲೀಸಾಗಿ ಹೋಯಿತು. 50ಕ್ಕೆ ಅದರ ದನಿ ದಪ್ಪವಾಯಿತು. 52ಕ್ಕೆ ಮುಳ್ಳು ನಿಂತೇಬಿಟ್ಟಿತು. ಯಂತ್ರ ಮಾತ್ರ ಗರಗರ ಅನ್ನುತ್ತಲೇ ಇತ್ತು. ಪೈಪು ಸೇರುವ ಜಾಗದ ಹಿತ್ತಾಳೆ ಮುಟ್ಟಿದರೆ ಬೆರಳು ಚುರ್ ಎಂದಿತು. ಸುಟ್ಟ ವಾರ್ನಿಷ್ ವಾಸನೆ ಬಂದ ಮೇಲೆ ಪ್ಲಗ್ ಕಿತ್ತೆ.

ಅಷ್ಟರಲ್ಲಿ ಮುಂದೆ ನಿಂತಿದ್ದ ಲಾರಿಯ ಡ್ರೈವರ್ ಇಳಿದು ಬಂದರು. ಅವರ ಹತ್ತಿರ ಹಸಿರು ಬಣ್ಣದ ಒಂದು ಉದ್ದ ಪೈಪು. ಲಾರಿಗಳಿಗೆ ಏರ್ ಬ್ರೇಕ್ ಇರುವುದರಿಂದ ಅವುಗಳ ಟ್ಯಾಂಕಿನಲ್ಲಿ ಸದಾ ನೂರು ಪಿಎಸ್‌ಐ ಆಸುಪಾಸಿನ ಗಾಳಿ ಇರುತ್ತದೆ, ಅದರಿಂದಲೇ ಅವರು ಟೈರಿಗೂ ಹಿಡಿಯುತ್ತಾರೆ. ಪೈಪು ಹಚ್ಚುವ ಮುಂಚೆ ಅವರು ಕುಕ್ಕರುಗಾಲಿನಲ್ಲಿ ಕೂತು ಟೈರಿನ ಪಕ್ಕೆಯನ್ನು ಅಂಗೈಯಿಂದ ಸುತ್ತಲೂ ಸವರಿದರು, ಒಳಬದಿಗೂ ಕೈ ಹಾಕಿ ನೋಡಿದರು. ಆಮೇಲೆ ಟೈರಿನ ಎದುರಿಗೆ ನಿಲ್ಲದೆ ಒಂದು ಬದಿಗೆ ಸರಿದು ಗಾಳಿ ಬಿಟ್ಟರು. ‘ಮೊಳೆ ಕೀಳಬೇಡಿ ಅಣ್ಣ, ಹಾಗೇ ನಿಧಾನವಾಗಿ ಪಂಕ್ಚರ್ ಅಂಗಡಿಗೆ ಹೋಗಿ’ ಎಂದರು. ಚಹಾದ ದುಡ್ಡನ್ನೂ ಕೊಡಗೊಡಲಿಲ್ಲ.

ಅವರು ಪಕ್ಕೆ ಸವರಿದ್ದೇಕೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಭಾರ ಹೊರುವ ಟೈರು, ಇರಬೇಕಾದ ಗಾಳಿಯ ಶೇ 80ಕ್ಕಿಂತ ಕಡಿಮೆ ಇಟ್ಟುಕೊಂಡು ಓಡಿದ್ದರೆ ಪಕ್ಕೆಯೊಳಗಿನ ತಂತಿ ಅಥವಾ ನೂಲು ಮಡಚಿ ಮಡಚಿ ಸೋತಿರಬಹುದು. ಮತ್ತೆ ಗಾಳಿ ತುಂಬುವಾಗ ಅಲ್ಲೇ ಸಿಡಿಯುವ ಅಪಾಯವಿದೆ. ಅಂಥ ಟೈರನ್ನು ಕಳಚಿ ಒಳಗೆ ನೋಡಿಸಿದ ಮೇಲೆಯೇ ಗಾಳಿ ತುಂಬಿಸಬೇಕು. 65ಕ್ಕೆ ಶೇ 80 ಎಂದರೆ 52. ನನ್ನದು 40ರಲ್ಲಿತ್ತು, ನಾನು ಅದರ ಮುಂದೆಯೇ ಮಂಡಿಯೂರಿ ಕೂತಿದ್ದೆ! ನೀವು ಹಾಗೆ ಮಾಡಬೇಡಿ. ಗಾಳಿ ಅಷ್ಟು ಇಳಿದಿದ್ದರೆ ಸ್ಟೆಪ್ನಿ ಹಾಕಿಕೊಳ್ಳಿ.

ಈಗ 150ರ ವಿಷಯ. ಅದು ಯಂತ್ರ ಉಸಿರು ಕಟ್ಟುವ ಹಂತದ ಅಂಕಿ. ಅಷ್ಟು ಒತ್ತಡ ಎಂದಾದರೂ ಮುಟ್ಟಬಹುದು ಎಂದರ್ಥವೇ ಹೊರತು ದೊಡ್ಡ ಟೈರನ್ನು ಅಲ್ಲಿಗೆ ಮುಟ್ಟಿಸುತ್ತದೆ ಎಂದಲ್ಲ. ‘ನಿಮಿಷಕ್ಕೆ 35 ಲೀಟರ್’ ಎಂಬ ಅಂಕಿಯೂ ಹಾಗೆಯೇ. ಸಾಮಾನ್ಯವಾಗಿ ಅದು ಪೈಪಿನ ತುದಿ ಬಯಲಲ್ಲಿ ತೆರೆದಿದ್ದಾಗಿನ ಲೆಕ್ಕ. ಎದುರಿನ ಒತ್ತಡ ಏರಿದ ಹಾಗೆ ಮೋಟರು ನಿಧಾನವಾಗುತ್ತದೆ. ಪಿಸ್ಟನ್ನಿನ ತಲೆಯ ಮೇಲೆ ಉಳಿದ ಒತ್ತಿದ ಗಾಳಿ ಮತ್ತೆ ಹಿಗ್ಗಿ ಹೊಸ ಗಾಳಿಗೆ ಜಾಗ ಕೊಡುವುದಿಲ್ಲ. 60 ಪಿಎಸ್‌ಐ ಹತ್ತಿರ ಬರುವಷ್ಟರಲ್ಲಿ ಆ 35 ಕರಗಿ ಅರ್ಧಕ್ಕೂ ಕೆಳಗೆ ಇಳಿಯುವುದು ಆಶ್ಚರ್ಯವಲ್ಲ.

ನಿಮ್ಮ ಅಗತ್ಯವನ್ನು ನೀವೇ ಅಳೆದುಕೊಳ್ಳಬಹುದು. ನಮ್ಮಂಥ ಗಾಡಿಯ ಟೈರಿನೊಳಗೆ ಸುಮಾರು 50 ಲೀಟರ್ ಜಾಗ ಎಂದಿಟ್ಟುಕೊಳ್ಳಿ. ಒತ್ತಡವನ್ನು 14.5 ಪಿಎಸ್‌ಐ, ಅಂದರೆ ಒಂದು ಬಾರ್, ಏರಿಸಬೇಕಾದರೆ ಹೊರಗಿನ ಗಾಳಿಯನ್ನು ಇನ್ನೊಂದು 50 ಲೀಟರ್ ಒಳಗೆ ತುರುಕಬೇಕು. ನನ್ನ 40ನ್ನು 65 ಮಾಡಲು ಬೇಕಿದ್ದದ್ದು ಸುಮಾರು 85 ಲೀಟರ್. ನಿಮಿಷಕ್ಕೆ ಹತ್ತು ಲೀಟರ್ ಕೊಡುವ ಯಂತ್ರಕ್ಕೆ ಅದು ಎಂಟೂವರೆ ನಿಮಿಷದ ಕೆಲಸ, ಅದೂ ಒಂದೇ ಚಕ್ರಕ್ಕೆ. ಪೂರ್ತಿ ಖಾಲಿಯಾದ ಟೈರಾದರೆ 200 ಲೀಟರಿಗೂ ಹೆಚ್ಚು. ಹಾಗಾಗಿ ಅಂಗಡಿಯವನನ್ನು ‘ಎಷ್ಟು ಪಾಯಿಂಟ್ ಹೊಡೆಯುತ್ತದೆ’ ಎಂದು ಕೇಳಬೇಡಿ (ಪಾಯಿಂಟ್ ಎಂದರೆ ಪಿಎಸ್‌ಐಯೇ). ‘60 ಪಾಯಿಂಟಿನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್’ ಎಂದು ಕೇಳಿ. ಆ ಅಂಕಿಯನ್ನು ಬರೆದುಕೊಡುವ ಕಂಪನಿಯವರು ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಮುಂದಿನದು ಕರೆಂಟು. ಲೈಟರ್ ಸಾಕೆಟ್ಟಿನ ಫ್ಯೂಸು ಬಹುತೇಕ ಗಾಡಿಗಳಲ್ಲಿ 10ರಿಂದ 20 ಆಂಪಿಯರ್. 15 ಎಂದುಕೊಂಡರೂ 12 ವೋಲ್ಟಿಗೆ 180 ವಾಟ್, ಅಷ್ಟೇ ಅದರ ತಾಕತ್ತು. ಆದ್ದರಿಂದ ಸಾಕೆಟ್ಟಿಗೆ ಚುಚ್ಚುವ ಯಾವ ಯಂತ್ರವೂ ನಮ್ಮ ಕೆಲಸಕ್ಕೆ ಒದಗುವುದು ಕಷ್ಟ. ಬ್ಯಾಟರಿಗೇ ಕ್ಲಿಪ್ಪು ಕಚ್ಚಿಸುವಂಥದ್ದು ಬೇಕು. ನಾನು ಈಗ ಇಟ್ಟುಕೊಂಡಿರುವುದು ಎರಡು ಸಿಲಿಂಡರಿನದು, 40 ಆಂಪಿಯರ್ ಹತ್ತಿರ ಎಳೆಯುತ್ತದೆ, 40ರಿಂದ 65ಕ್ಕೆ ಎರಡು ನಿಮಿಷದ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. ಚಾಲೂ ಮಾಡುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಿಡಿ. ಬ್ಯಾಟರಿ ಬಸಿದುಹೋಗುವುದಿಲ್ಲ, ಜೊತೆಗೆ 12ರ ಬದಲು 14 ವೋಲ್ಟ್ ಹತ್ತಿರ ಸಿಗುವುದರಿಂದ ಯಂತ್ರವೂ ಚುರುಕಾಗಿ ಓಡುತ್ತದೆ. ಫ್ಯಾನು, ದೀಪಕ್ಕೆಂದು ಒಳಗೆ ಬೇರೆ ಬ್ಯಾಟರಿ ಇದ್ದರೆ, ಅದರ ತಂತಿ ಮತ್ತು ಫ್ಯೂಸು ಇಷ್ಟು ಹೊರೆ ತಾಳುತ್ತವೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸದೆ ಅದಕ್ಕೆ ಕೈ ಹಾಕಬೇಡಿ.

ಕಂಪ್ರೆಸರ್‌ನಿಂದ ಹಿಂದಿನ ಚಕ್ರ ಮುಟ್ಟುವುದಕ್ಕೆ ವೈರು ಉದ್ದ ಮಾಡಿಸಲು ಹೋಗಬೇಡಿ, ಗಾಳಿಯ ಪೈಪು ಉದ್ದದ್ದು ತೆಗೆದುಕೊಳ್ಳಿ. ತೆಳು ವೈರು ಉದ್ದವಾದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ. ಗಾಳಿಗೆ ಆ ತೊಂದರೆ ಇಲ್ಲದಷ್ಟು ಕಡಿಮೆ. ಏಳೆಂಟು ಮೀಟರ್ ಪೈಪು ಇದ್ದರೆ ಒಳ್ಳೆಯದು. ನನ್ನ ಗಾಡಿಗೆ ಹಿಂದೆಯೂ ಒಂದೊಂದೇ ಚಕ್ರ. ನಿಮ್ಮದಕ್ಕೆ ಜೋಡಿ ಚಕ್ರವಿದ್ದರೆ ಒಳಚಕ್ರದ ವಾಲ್ವಿಗೆ ಸಾಮಾನ್ಯ ತುದಿ ನಿಲುಕುವುದಿಲ್ಲ. ಲಾರಿಯವರು ಬಳಸುವ ಉದ್ದ ಕೋಲಿನ, ಎರಡು ಮುಖದ ತುದಿ ಬೇಕು. ತಿರುಪಿನ ತುದಿಯಾದರೆ ಬಿಚ್ಚುವಾಗ ಬುಸ್ ಎಂದು ಒಂದೆರಡು ಪಾಯಿಂಟ್ ಹೋಗಿಯೇ ಹೋಗುತ್ತದೆ, ಕಚ್ಚಿಕೊಳ್ಳುವ ಲಿವರ್ ಇರುವುದನ್ನೇ ಆರಿಸಿ.

ಡಬ್ಬದ ಮೇಲೆ ಯಾರೂ ಓದದ ಒಂದು ಸಾಲು ಇರುತ್ತದೆ: ಡ್ಯೂಟಿ ಸೈಕಲ್. ಶೇ 30 ಎಂದಿದ್ದರೆ ಹತ್ತು ನಿಮಿಷದಲ್ಲಿ ಮೂರು ನಿಮಿಷ ಓಡಿಸಿ ಏಳು ನಿಮಿಷ ತಣಿಯಲು ಬಿಡಬೇಕು. ಅದನ್ನೂ ತಂಪು ಕೋಣೆಯಲ್ಲಿ ಪರೀಕ್ಷಿಸಿ ಬರೆದಿರುತ್ತಾರೆ, ಚಿತ್ರದುರ್ಗದ ಬಂಡೆ ಕಾಯುವ ಮಧ್ಯಾಹ್ನದಲ್ಲಿ ಅಲ್ಲ. ಬೇಸಿಗೆಯಲ್ಲಿ ಅವರು ಹೇಳಿದ್ದಕ್ಕಿಂತ ಕಡಿಮೆಯೇ ಓಡಿಸಿ, ಯಂತ್ರವನ್ನು ಗಾಡಿಯ ನೆರಳಿನಲ್ಲಿಡಿ, ಮಣ್ಣಿನ ಮೇಲೆ ನೇರವಾಗಿ ಇಡಬೇಡಿ, ಧೂಳು ಎಳೆದುಕೊಳ್ಳುತ್ತದೆ.

ಯುಎಸ್‌ಬಿ ಚಾರ್ಜಿನ ಅಂಗೈಯಗಲದ ಪಂಪುಗಳು ಬೈಕಿಗೆ, ಸೈಕಲ್ಲಿಗೆ ಚೆಂದ. ಇಲ್ಲಿಗಲ್ಲ.

65 ಎಂಬ ಅಂಕಿ ನಿಮಗೆ ಎಲ್ಲಿಂದ ಬಂತು? ಬಾಗಿಲ ಚೌಕಟ್ಟಿನ ಫಲಕದಿಂದ ಬಂದಿದ್ದರೆ ಅದು ಸೀಟುಗಳಿದ್ದ ಗಾಡಿಯ ಲೆಕ್ಕ. ನೀರಿನ ಟ್ಯಾಂಕು ನೂರು ಲೀಟರಿನದಾದರೆ ಅದೊಂದೇ ನೂರು ಕಿಲೋ. ಪ್ಲೈವುಡ್ಡು, ಬ್ಯಾಟರಿ, ಗ್ಯಾಸು ಎಲ್ಲ ಒಂದೇ ಮೂಲೆಗೆ ಬಿದ್ದಿರಬಹುದು. ನಮ್ಮೂರಿನಲ್ಲಿ ಮೆಕ್ಕೆಜೋಳದ ಲಾರಿ ತೂಗುವ ವೇ ಬ್ರಿಡ್ಜಿಗೆ ಬರವಿಲ್ಲ. ಟ್ಯಾಂಕು ತುಂಬಿಸಿಕೊಂಡು ಹೋಗಿ, ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಮ್ಮೆ, ಹಿಂದಿನವನ್ನು ಮಾತ್ರ ಇನ್ನೊಮ್ಮೆ ತೂಗಿಸಿ. ಆ ಚೀಟಿ ಹಿಡಿದು ಟೈರು ಕಂಪನಿಯ ಭಾರ ಮತ್ತು ಗಾಳಿಯ ಪಟ್ಟಿ ನೋಡಿ. ನನ್ನದಕ್ಕೆ ಹಿಂದೆ ಮುಂದೆ ಬೇರೆ ಬೇರೆ ಗಾಳಿ ಬಂತು. ಟೈರಿನ ಮೇಲೆ ಅಚ್ಚಾದ ಗರಿಷ್ಠ ಮಿತಿಯನ್ನು ಮಾತ್ರ ದಾಟಬಾರದು.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ. 65ರ ಆಸುಪಾಸಿನಲ್ಲಿ ಹತ್ತು ಡಿಗ್ರಿ ಬಿಸಿ ಏರಿದರೆ ಎರಡೂವರೆ ಪಾಯಿಂಟಿನಷ್ಟು ಏರುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯಿಂದ ಹೊರಟು ಚಿತ್ರದುರ್ಗ ಮುಟ್ಟಿದಾಗ 72 ತೋರಿಸಿತೆಂದು ಗಾಬರಿಯಾಗಿ ಗಾಳಿ ಬಿಟ್ಟರೆ, ಮರುದಿನ ಬೆಳಿಗ್ಗೆ ಚಕ್ರ ಕೂತಿರುತ್ತದೆ. ಕಂಪ್ರೆಸರ್‌ಗೆ ಅಂಟಿಕೊಂಡ ಗೇಜನ್ನು ನಂಬದೆ ಕೈಯಲ್ಲಿ ಹಿಡಿಯುವ ಒಳ್ಳೆಯ ಗೇಜು ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ನನ್ನ ಎರಡು ಗೇಜುಗಳ ನಡುವೆ ನಾಲ್ಕು ಪಾಯಿಂಟ್ ಜಗಳವಿದೆ.

ಕೊಂಡ ದಿನವೇ, ವಾಪಸು ಮಾಡುವ ಗಡುವು ಮುಗಿಯುವ ಮುಂಚೆ, ಮನೆಯ ಮುಂದೆಯೇ ಒಂದು ಟೈರಿನಿಂದ 10 ಪಾಯಿಂಟ್ ಇಳಿಸಿ ಮೊಬೈಲಿನಲ್ಲಿ ಸಮಯ ಹಿಡಿದು ಮತ್ತೆ ತುಂಬಿಸಿ ನೋಡಿ. ನಾಲ್ಕು ನಿಮಿಷ ದಾಟಿದರೆ ಹಿಂದಿರುಗಿಸಿ. ಹಾಗೆಯೇ ಸ್ಟೆಪ್ನಿಗೂ ಗೇಜು ಹಿಡಿಯಿರಿ. ಆ ದಿನ ಭರಮಸಾಗರದಿಂದ ಬಂದ ಮೇಲೆ ನಾನು ಹಿಡಿದಾಗ ನನ್ನದರಲ್ಲಿ ಇದ್ದದ್ದು 22.