‘ಚೆನ್ನಾಗಿ ಕಲೀತಿದ್ದಾಳೆ’ ಅಂದರೆ ಸಾಲದು

ಪ್ರಾಥಮಿಕ ಶಾಲೆಯ ಕಲಿಕೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಹುಳ ಸಾಕುತ್ತೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು, ನಲಿಕಲಿ. ಶಾಲೆ ಶುರುವಾಗಿ ಮೂರು ತಿಂಗಳಾದರೂ ಅ ಆ ಇ ಈ ಸಾಲಾಗಿ ಹೇಳಲು ಬರುವುದಿಲ್ಲ. ಕೇಳಿದರೆ ‘ರ ಗ ಸ’ ಅನ್ನುತ್ತಾಳೆ. ಕಾರ್ಡು, ತಟ್ಟೆ ಅಂತ ಏನೇನೋ ಹೇಳುತ್ತಾಳೆ. ಕಾನ್ವೆಂಟಿಗೆ ಹೋಗುವ ಮೈದುನನ ಮಗ ಆಗಲೇ ನೂರರವರೆಗೆ ಬರೆಯುತ್ತಾನೆ. ಮಿಸ್ಸನ್ನು ಕೇಳಿದರೆ ‘ಚೆನ್ನಾಗಿ ಕಲೀತಿದ್ದಾಳೆ’ ಅನ್ನುತ್ತಾರೆ, ಅಷ್ಟೇ. ನಾನು ಓದಿದ್ದು ಏಳನೇ ಕ್ಲಾಸು. ಮನೆಯಲ್ಲಿ ಏನು ಹೇಳಿಕೊಡಲಿ?

ಉತ್ತರ: ಮೊದಲು ‘ರ ಗ ಸ’ದ ಗಾಬರಿ ಬಿಡಿ ತಾಯಿ. ನಲಿಕಲಿ ಎಂದರೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. ಅದರಲ್ಲಿ ಅಕ್ಷರ ಕಲಿಸುವುದು ವರ್ಣಮಾಲೆಯ ಸಾಲಿನಲ್ಲಲ್ಲ. ಶುರುವಾಗುವುದೇ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಇವಿಷ್ಟು ಗೊತ್ತಾದರೆ ಮಗು ಸರ, ದರ, ಅರಸ, ಅಗಸ, ಗರಗಸ ಎಂದೆಲ್ಲ ಓದಬಲ್ಲದು. ಅ ಆ ಇ ಈ ನಾಲ್ಕನ್ನೂ ಬಾಯಿಪಾಠ ಮಾಡಿದ ಮಗುವಿಗೆ ಅದರಿಂದ ಓದಲು ಎಷ್ಟು ಪದ ಸಿಗುತ್ತದೆ, ನೀವೇ ಯೋಚಿಸಿ. ಪೂರ್ತಿ ವರ್ಣಮಾಲೆ ಮುಂದೆ ಬಂದೇ ಬರುತ್ತದೆ. ಈಗ ಮನೆಯಲ್ಲಿ ಸ್ಲೇಟು ಹಿಡಿಸಿ ಅ ಆ ತಿದ್ದಿಸಲು ಕೂರಿಸಿದರೆ, ಬೆಳಗ್ಗೆ ಒಂದು ದಾರಿ, ರಾತ್ರಿ ಇನ್ನೊಂದು ದಾರಿ ಆಗಿ ಕಷ್ಟಪಡುವವಳು ಅವಳೇ.

ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಅದಕ್ಕೆ ಪ್ರೇರಣೆ ಸಿಕ್ಕಿದ್ದು ನಿಮಗೆ ಹತ್ತಿರದಲ್ಲೇ, ಚಿಂತಾಮಣಿಯಿಂದ ಆಂಧ್ರದ ಗಡಿ ದಾಟಿದರೆ ಸಿಗುವ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಯಲ್ಲಿ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಒಂದೊಂದೇ ಮೈಲಿಗಲ್ಲು, ಅಂದರೆ ಕಲಿಕೆಯ ಹಂತ, ದಾಟುತ್ತಾರೆ. ನಿಮ್ಮ ಮಗಳು ಹೇಳುವ ‘ತಟ್ಟೆ’ ಎಂದರೆ ಮಕ್ಕಳು ಕೂರುವ ಗುಂಪು. ಒಟ್ಟು ಐದು ಇರುತ್ತವೆ. ಮೊದಲ ತಟ್ಟೆಯಲ್ಲಿ ಮಿಸ್ಸೇ ಪಕ್ಕದಲ್ಲಿ ಕೂತು ಕಲಿಸುತ್ತಾರೆ. ಎರಡನೆಯದರಲ್ಲಿ ಅವರ ಸಹಾಯ ಅರ್ಧ, ಮೂರು ಮತ್ತು ನಾಲ್ಕರಲ್ಲಿ ಗೆಳೆಯರ ಸಹಾಯ, ಐದರಲ್ಲಿ ಮಗು ತಾನೇ ಮಾಡುತ್ತದೆ. ಬಹಳ ಮಂದಿ ತಂದೆತಾಯಿ ಒಂದನೇ ತಟ್ಟೆ ಎಂದರೆ ದಡ್ಡರ ಸಾಲು ಎಂದುಕೊಂಡು ನೊಂದುಕೊಳ್ಳುತ್ತಾರೆ. ಹಾಗಲ್ಲವೇ ಅಲ್ಲ. ಕಾರ್ಡು ಬದಲಾದಂತೆ ತಟ್ಟೆಯೂ ಬದಲಾಗುತ್ತದೆ, ಹೊಸ ವಿಷಯ ಬಂದಾಗ ಜಾಣ ಮಗುವೂ ಮಿಸ್ಸಿನ ಪಕ್ಕ ಬಂದು ಕೂರುತ್ತದೆ.

ಇನ್ನು ನಿಮ್ಮ ನಿಜವಾದ ದೂರು ‘ಚೆನ್ನಾಗಿ ಕಲೀತಿದ್ದಾಳೆ’ ಎಂಬ ಉತ್ತರದ ಬಗ್ಗೆ. ಅದು ನ್ಯಾಯವಾದ ದೂರು. ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಇವನ್ನು ಪೋಷಕರಿಗೆ ನಿಯಮಿತವಾಗಿ ಸಭೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನೇ ಹೇಳುತ್ತದೆ. ಹಾಗಾಗಿ ಕೇಳಲು ಸಂಕೋಚ ಬೇಡ. ಆದರೆ ‘ಹೇಗೆ ಓದ್ತಾಳೆ ಮಿಸ್?’ ಎಂದು ಕೇಳಿದರೆ ‘ಚೆನ್ನಾಗಿ’ ಎಂಬ ಉತ್ತರವೇ ಬರುತ್ತದೆ. ‘ಈಗ ಯಾವ ಮೈಲಿಗಲ್ಲಿನಲ್ಲಿದ್ದಾಳೆ? ಎಲ್ಲಿ ತಡವರಿಸುತ್ತಾಳೆ? ಈ ಹದಿನೈದು ದಿನ ಮನೆಯಲ್ಲಿ ನಾನು ಏನು ಗಮನಿಸಲಿ?’ ಎಂದು ಕೇಳಿ. ಪ್ರಗತಿ ನೋಟ ತೋರಿಸಿ ಅನ್ನಿ, ಪ್ರತಿ ಮಗು ಎಲ್ಲಿದೆ ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ತರಗತಿಯೊಳಗೆ ಹೋಗಿ ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆಂದೇ ಇರುವ ಕಪ್ಪುಹಲಗೆಯಲ್ಲಿ ನಿಮ್ಮ ಮಗಳ ಜಾಗ ಯಾವುದೆಂದು ಅವಳಿಂದಲೇ ಕೇಳಿ. ಮೇಲೆ ದಾರಕ್ಕೆ ತೂಗುಹಾಕಿದ ಚಿತ್ರಗಳಲ್ಲಿ ಅವಳದ್ದು ಹುಡುಕಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮನೆಯಲ್ಲಿ ನೀವು ಪಾಠ ಹೇಳಬೇಕಿಲ್ಲ. ಗೂಡು ಬಿಡಿಸುವಾಗ ಹತ್ತು ಹತ್ತು ಗೂಡಿನ ಗುಡ್ಡೆ ಮಾಡಲು ಹೇಳಿ. ‘ಮೂರು ಗುಡ್ಡೆ, ಮೇಲೆ ನಾಲ್ಕು ಗೂಡು, ಒಟ್ಟು ಎಷ್ಟು?’ ಹತ್ತು ಮತ್ತು ಬಿಡಿ ಎಂಬ ಲೆಕ್ಕ ಕೈಗೆ ಹತ್ತುವುದು ಹೀಗೆ. ನೂರರವರೆಗೆ ಬರೆಯುವ ಹುಡುಗನಿಗೂ ಈ ಪ್ರಶ್ನೆ ಕೇಳಿ ನೋಡಿ, ಹಂಗಿಸಲು ಅಲ್ಲ, ಅವನಿಗೂ ಒಳ್ಳೆಯದಾಗಲಿ ಎಂದು. ಸಂಖ್ಯೆಯನ್ನು ಸಾಲಾಗಿ ಬರೆಯುವುದು ಬೇರೆ, ಅದರ ಬೆಲೆ ಗೊತ್ತಿರುವುದು ಬೇರೆ. ಕ್ಯಾಲೆಂಡರ್, ಲಗ್ನಪತ್ರಿಕೆ, ಬಸ್ಸಿನ ಬೋರ್ಡು, ಎಲ್ಲೇ ಆಗಲಿ ಅವಳಿಗೆ ಗೊತ್ತಿರುವ ಅಕ್ಷರ ಹುಡುಕಿಸಿ. ರಾತ್ರಿ ‘ಇವತ್ತು ಏನು ಕಲಿತೆ?’ ಎಂದರೆ ‘ಏನಿಲ್ಲ’ ಎನ್ನುತ್ತಾಳೆ. ‘ಇವತ್ತು ಯಾವ ಕಾರ್ಡು ತೆಗೆದುಕೊಂಡೆ, ಯಾರ ಜೊತೆ ಕೂತೆ?’ ಎಂದರೆ ಮಾತು ಹರಿಯುತ್ತದೆ. ತಪ್ಪು ಓದಿದರೆ ತಕ್ಷಣ ತಿದ್ದದೆ ಸ್ವಲ್ಪ ಕಾಯಿರಿ, ಎಷ್ಟೋ ಸಲ ಅವಳೇ ಸರಿಮಾಡಿಕೊಳ್ಳುತ್ತಾಳೆ.

ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಮನೆಮಂದಿಯೆಲ್ಲ ಕೈ ಹಚ್ಚಬೇಕಾಗುತ್ತದೆ, ಗೊತ್ತು. ಆದರೂ ಅವಳ ಶಾಲೆ ತಪ್ಪಿಸಬೇಡಿ.

ಚಿಂತೆ ಪಡಬೇಕಾದದ್ದು ಯಾವಾಗ? ಕೇಂದ್ರದ ನಿಪುಣ್ ಭಾರತ್ ಕಾರ್ಯಕ್ರಮ ಇಟ್ಟಿರುವ ಗುರಿಯಂತೆ, ಒಂದನೇ ತರಗತಿ ಮುಗಿಯುವಾಗ ಮಗು ನಾಲ್ಕೈದು ಸರಳ ಪದಗಳ ವಾಕ್ಯ ಓದಬೇಕು, 99ರವರೆಗಿನ ಸಂಖ್ಯೆ ಓದಿ ಬರೆಯಬೇಕು. ನಿಮಗೆ ಇನ್ನೂ ಸಮಯವಿದೆ. ತಿಂಗಳುಗಟ್ಟಲೆ ಒಂದೇ ಮೈಲಿಗಲ್ಲಿನಲ್ಲಿ ನಿಂತಿದ್ದರೆ ಮಾತ್ರ ಮಿಸ್ಸಿನ ಜೊತೆ ಕೂತು ಕಾರಣ ಹುಡುಕಿ, ಕಣ್ಣು ಕಿವಿಯನ್ನೂ ಒಮ್ಮೆ ತೋರಿಸಿ.

ಪ್ರಶ್ನೆ: ನಾನು ಬಾಗೇಪಲ್ಲಿ ತಾಲ್ಲೂಕಿನ ಶಿಕ್ಷಕ. ಪೋಷಕರ ಸಭೆ ಕರೆದರೆ ನಾಲ್ಕೈದು ಜನ ಬರುತ್ತಾರೆ, ಉಳಿದವರು ಕೂಲಿಗೆ, ಟೊಮೆಟೊ ಕೀಳಲು ಹೋಗಿರುತ್ತಾರೆ. ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹಾಕುತ್ತೇನೆ, ಯಾರೂ ಉತ್ತರಿಸುವುದಿಲ್ಲ. ಅವರಿಗೆ ಆಸಕ್ತಿಯೇ ಇಲ್ಲವೇ?

ಉತ್ತರ: ಇದೆ ಮೇಷ್ಟ್ರೇ. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಆ ಸಭೆಯಲ್ಲಿ ಸಿಗುವುದೇನು ಎಂದು ಅವರ ಜಾಗದಲ್ಲಿ ನಿಂತು ನೋಡಿ. ಸಾಲು ಸಾಲು ಸೂಚನೆ, ಎ ಪ್ಲಸ್, ಬಿ ಎಂಬ ಗ್ರೇಡು, ಕೊನೆಗೆ ಒಂದು ಸಹಿ. ಸಭೆಯನ್ನು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ, ಡೇರಿಯ ಹತ್ತಿರವೇ ಇಡಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರ (ಎಸ್‌ಡಿಎಂಸಿ) ಜೊತೆ ಮಾತಾಡಿ. ಆ ಸಮಿತಿಯಲ್ಲಿ ಪೋಷಕರೇ ಹೆಚ್ಚು ಇರುತ್ತಾರೆ, ಊರಿಗೆ ಯಾವ ಹೊತ್ತು ಅನುಕೂಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸಭೆಯಲ್ಲಿ ನಿಮ್ಮ ಮಾತು ಕಡಿಮೆ ಇರಲಿ, ಮಗು ಅಪ್ಪ ಅಮ್ಮನ ಮುಂದೆ ಒಂದು ಪುಟ ಓದಲಿ. ಅಜ್ಜಿ ತಾತ ಬಂದರೆ ಅವರೂ ಪೋಷಕರೇ.

ಫೋಟೊಗಿಂತ ಧ್ವನಿ ಸಂದೇಶ ಒಳ್ಳೆಯದು. ಓದಲು ಬಾರದವರೂ ಕೇಳಬಹುದು. ಶನಿವಾರಕ್ಕೊಮ್ಮೆ ಅರ್ಧ ನಿಮಿಷ: ‘ಈ ವಾರ ಮೂರನೇ ಕ್ಲಾಸಿನವರು ಲೀಟರು, ಅರ್ಧ ಲೀಟರು ಕಲಿತಿದ್ದಾರೆ. ಹಾಲು ಅಳೆಯುವಾಗ ಮಗುವನ್ನು ಕೇಳಿ.’ ಅಷ್ಟೇ ಸಾಕು. ತೆಲುಗು ಮನೆಗಳಿಗೆ ತೆಲುಗಿನಲ್ಲೇ ಹೇಳಿ. ಯಾವ ಮಗುವಿನ ತಪ್ಪನ್ನೂ, ಅಂಕವನ್ನೂ ಗುಂಪಿಗೆ ಹಾಕಬೇಡಿ. ಅದನ್ನು ಆ ಮನೆಯವರ ಹತ್ತಿರ ಮಾತ್ರ ಹೇಳಿ. ಮೊದಲ ಸಲ ಫೋನ್ ಮಾಡುವುದು ದೂರು ಹೇಳಲು ಆಗದಿರಲಿ. ಶಾಲೆಯಿಂದ ಫೋನ್ ಬಂತೆಂದರೆ ಮಗು ಏನೋ ಮಾಡಿಕೊಂಡಿದೆ ಎಂದೇ ಎದೆ ಹೊಡೆದುಕೊಳ್ಳುವ ತಾಯಂದಿರಿಗೆ ‘ನಿಮ್ಮ ಮಗ ಇವತ್ತು ಕಥೆ ಹೇಳಿದ’ ಎಂದು ಒಮ್ಮೆ ಹೇಳಿ ನೋಡಿ. ಮುಂದಿನ ಫೋನು ಅವರೇ ಮಾಡುತ್ತಾರೆ.

ಪ್ರಶ್ನೆ: ಮುಳಬಾಗಿಲಿನವರು ನಾವು, ಮನೆಮಾತು ತೆಲುಗು. ಮಗ ಎರಡನೇ ತರಗತಿ. ಕನ್ನಡ ಚೆನ್ನಾಗಿ ಬರಲೆಂದು ಮನೆಯಲ್ಲೂ ಕನ್ನಡವನ್ನೇ ಮಾತಾಡಬೇಕೇ?

ಉತ್ತರ: ಬೇಡ. ನಿಮಗೆ ಸಲೀಸಾಗಿ ಬಾರದ ಭಾಷೆಗೆ ಹೊರಳಿದರೆ ಮನೆಯ ಮಾತು ‘ತಿಂದೆಯಾ, ಬರೆದೆಯಾ’ ಎಂಬಲ್ಲಿಗೇ ನಿಂತುಹೋಗುತ್ತದೆ. ಅಜ್ಜಿಯ ಕಥೆ, ಒಗಟು, ಜಗಳ, ಸಮಾಧಾನ ಎಲ್ಲ ತೆಲುಗಿನಲ್ಲೇ ಧಾರಾಳವಾಗಿ ನಡೆಯಲಿ. ಕಥೆ ಕೇಳಿ ‘ಆಮೇಲೆ ಏನಾಯಿತು, ಯಾಕೆ’ ಎಂದು ಯೋಚಿಸುವ ಮಗು ಕನ್ನಡ ಪಾಠ ಓದುವಾಗಲೂ ಹಾಗೆಯೇ ಯೋಚಿಸುತ್ತದೆ. ಶಾಲೆಯಲ್ಲಿ ಕಲಿತ ಕನ್ನಡ ಪದ್ಯವನ್ನು ಅವನು ಮನೆಯಲ್ಲಿ ಹಾಡಲಿ, ನಿಮಗೂ ಕಲಿಸಲಿ. ಮನೆಮಾತು ತೆಲುಗು ಎಂಬುದನ್ನು ಟೀಚರಿಗೆ ಮುಂಚೆಯೇ ತಿಳಿಸಿ. ಉತ್ತರ ಗೊತ್ತಿದ್ದೂ ಕನ್ನಡದಲ್ಲಿ ಹೇಳಲಾಗದೆ ಸುಮ್ಮನೆ ಕೂತಾಗ, ಮೊದಲು ತೆಲುಗಿನಲ್ಲಿ ಹೇಳಲು ಬಿಡಿ ಎಂದು ಕೇಳಿಕೊಳ್ಳಿ.