ಪ್ರಧಾನಿಯಾಗಿದ್ದವರು ಮತ್ತೆ ತಮ್ಮ ಊರಿನ ಮೇಯರ್ ಆಗಿದ್ದು ಎಲ್ಲಾದರೂ ಉಂಟಾ?

ಉಂಟು. ಅದೂ ಎರಡೇ ದಿನದಲ್ಲಿ. ಫ್ರಾನ್ಸಿನ ಎಡ್ವಾರ್ ಫಿಲಿಪ್ 2020ರ ಜುಲೈ 3ರ ಶುಕ್ರವಾರ ಪ್ರಧಾನಿ ಹುದ್ದೆಗೆ ರಾಜೀನಾಮೆ ಕೊಟ್ಟರು. ಭಾನುವಾರ ಲ ಹಾವ್ರ್ ಎಂಬ ಬಂದರು ಊರಿನ ಮೇಯರ್ ಆಗಿದ್ದರು. "ಅದು ಹಿಂಬಡ್ತಿ ಅಲ್ವಾ?" ಅಂತಲೂ ಕೇಳಿದ್ದೀರಿ. ಅದಕ್ಕೆ ಆ ಊರಿನ ಬಗ್ಗೆ ಸ್ವಲ್ಪ ಹೇಳಬೇಕು.

ನಾನು ಮಂಗಳೂರಿನವನು, ಹಡಗಿನಲ್ಲಿ ಇಂಜಿನಿಯರ್. ಕಂಟೇನರ್ ಹಡಗಿನಲ್ಲಿ ಮೂರ್ನಾಲ್ಕು ಸಲ ಲ ಹಾವ್ರ್‌ಗೆ ಹೋಗಿದ್ದೇನೆ. ಮೊದಲ ಸಲ ಶೋರ್ ಲೀವ್ ಸಿಕ್ಕಾಗ ಇಳಿದು ನೋಡಿದರೆ, ಫ್ರಾನ್ಸ್ ಅಂದರೆ ಇದೇನಾ ಅನ್ನಿಸಿತ್ತು. ಎಲ್ಲಿ ನೋಡಿದರೂ ಕಾಂಕ್ರೀಟ್. ನಮ್ಮ ಹಳೇ ಸರ್ಕಾರಿ ಕ್ವಾರ್ಟರ್ಸ್‌ಗಳನ್ನೇ ಸಾಲಾಗಿ ನಿಲ್ಲಿಸಿದ ಹಾಗೆ. 1944ರ ಸೆಪ್ಟೆಂಬರ್‌ನಲ್ಲಿ ಬಾಂಬ್ ಬಿದ್ದು ಊರಿನ ನಡುಭಾಗ ಪೂರ್ತಿ ನೆಲಸಮ ಆಗಿತ್ತು. ಅದನ್ನು ಮತ್ತೆ ಕಟ್ಟಿಸಿದ್ದು ಆಗಸ್ಟ್ ಪೆರೆ ಎಂಬ ವಾಸ್ತುಶಿಲ್ಪಿ. 2005ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ದಕ್ಕೆಯ ಹತ್ತಿರ ಬಣ್ಣಬಣ್ಣದ ಕಂಟೇನರ್‌ಗಳನ್ನು ಕಮಾನಿನ ಹಾಗೆ ಜೋಡಿಸಿ ನಿಲ್ಲಿಸಿದ್ದಾರೆ. ಅದು 2017ರಲ್ಲಿ ಊರಿಗೆ 500 ವರ್ಷ ತುಂಬಿದಾಗ ಮಾಡಿದ್ದು. ದಿನಾ ಕಂಟೇನರ್ ನೋಡಿ ಬೇಸತ್ತ ನನಗೂ ಅದರ ಕೆಳಗೆ ನಿಂತು ಫೋಟೊ ತೆಗೆಯಬೇಕು ಅನ್ನಿಸಿತು!

ಕೂಲಿಗಳ, ಕಾರ್ಖಾನೆ ಕೆಲಸಗಾರರ ಊರು ಅದು. 1995ರವರೆಗೆ 30 ವರ್ಷ ಕಮ್ಯುನಿಸ್ಟ್ ಮೇಯರ್‌ಗಳೇ ಇದ್ದರು. ಬಲಪಂಥದ ಫಿಲಿಪ್ ಅಲ್ಲಿ 2010ರಲ್ಲಿ ಮೇಯರ್ ಆದರು. 2017ರ ಮೇ ತಿಂಗಳಲ್ಲಿ ಅಧ್ಯಕ್ಷ ಮ್ಯಾಕ್ರನ್ ಇವರನ್ನು ಕರೆದು ಪ್ರಧಾನಿ ಮಾಡಿದರು, ಅದೂ ಬೇರೆ ಪಕ್ಷದವರನ್ನು! ಮೇಯರ್ ಸ್ಥಾನ ಬಿಟ್ಟರು, ಆದರೆ ಕೌನ್ಸಿಲರ್ ಸ್ಥಾನ ಬಿಡಲಿಲ್ಲ. ಊರಲ್ಲಿ ಒಂದು ಕಾಲು ಇಟ್ಟೇ ಹೋದರು ಅನ್ನಿ.

ಪ್ಯಾರಿಸ್‌ನಲ್ಲಿ ಮೂರು ವರ್ಷ ಸುಖವಾಗೇನೂ ಇರಲಿಲ್ಲ. 2018ರ ಜುಲೈನಿಂದ ಹಳ್ಳಿ ಕಡೆಯ ರಸ್ತೆಗಳಲ್ಲಿ ವೇಗದ ಮಿತಿಯನ್ನು ಗಂಟೆಗೆ 90 ಕಿ.ಮೀ.ನಿಂದ 80ಕ್ಕೆ ಇಳಿಸಿದರು. ಅದೇ ನವೆಂಬರ್‌ನಲ್ಲಿ ಇಂಧನ ತೆರಿಗೆ ಏರಿಕೆಯ ವಿರುದ್ಧ ಹಳದಿ ಅಂಗಿ ತೊಟ್ಟವರ ಪ್ರತಿಭಟನೆ ಶುರುವಾಯಿತು, ಆ ಏರಿಕೆಯನ್ನು ಕೈಬಿಡಬೇಕಾಯಿತು. ಆಮೇಲೆ ಪಿಂಚಣಿ ನಿಯಮ ಬದಲಿಸಲು ಹೋಗಿ ಗಲಾಟೆ, ಆಮೇಲೆ ಕೊರೊನಾ. ಆ 80ರ ಸಿಟ್ಟು ಎಷ್ಟಿತ್ತು ಅಂದರೆ, ನಮ್ಮನ್ನು ಬಂದರಿನಿಂದ ಊರಿಗೆ ಕರೆದೊಯ್ದ ವ್ಯಾನಿನ ಡ್ರೈವರ್ ಎಷ್ಟೋ ವರ್ಷದ ಮೇಲೂ ಅದನ್ನೇ ಹೇಳಿ ಬೈಯುತ್ತಿದ್ದ. "ಹಾಗಾದರೆ ಓಟು ಹಾಕಲಿಲ್ಲವಾ?" ಅಂದೆ. "ಹಾಕಿದೆ. ಅದು ಪ್ರಧಾನಿಯ ತಪ್ಪು. ಇವರು ಮೇಯರ್," ಅಂದ.

ಆ ಚುನಾವಣೆಯೂ ವಿಚಿತ್ರ. ಪ್ರಧಾನಿ ಆಗಿದ್ದುಕೊಂಡೇ ಲ ಹಾವ್ರ್‌ನಲ್ಲಿ ತಮ್ಮ ಕಡೆಯ ಕೌನ್ಸಿಲರ್ ಅಭ್ಯರ್ಥಿಗಳ ಪಟ್ಟಿಯ ಮೊದಲ ಹೆಸರಾಗಿ ನಿಂತರು. 2020ರ ಮಾರ್ಚ್ 14ರ ರಾತ್ರಿ ಹೋಟೆಲು, ಕೆಫೆ ಎಲ್ಲ ಮುಚ್ಚಿ ಅಂತ ದೇಶಕ್ಕೆ ಹೇಳಿದರು. ಮರುದಿನವೇ ಮೊದಲ ಸುತ್ತಿನ ಮತದಾನ! ಅದರಲ್ಲಿ ಫಿಲಿಪ್‌ಗೆ ಅರ್ಧ ಓಟೂ ಬರಲಿಲ್ಲ. ಎರಡನೇ ಸುತ್ತು ಜೂನ್ 28ಕ್ಕೆ ಹೋಯಿತು, ಕಮ್ಯುನಿಸ್ಟ್ ಎದುರಾಳಿಯ ಮೇಲೆ ಸುಮಾರು 59 ಪರ್ಸೆಂಟ್ ಓಟು ತಗೊಂಡು ಗೆದ್ದರು. ಐದು ದಿನಕ್ಕೆ ರಾಜೀನಾಮೆ. ಅವರ ಜಾಗಕ್ಕೆ ಬಂದವರೂ ಪ್ರಾದ್ ಎಂಬ ಸಣ್ಣ ಊರಿನ ಮೇಯರ್ರೇ.

ಪ್ಯಾರಿಸ್‌ಗೆ ಹೋಗುವಾಗ ಕಪ್ಪಗಿದ್ದ ಫಿಲಿಪ್ ಗಡ್ಡದಲ್ಲಿ ಬರುವಾಗ ಬಿಳಿ ಪಟ್ಟಿ ಇತ್ತು. ತೊನ್ನು ಅಂತ ಅವರೇ ಟಿವಿಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ನಮ್ಮಲ್ಲಿ ಎಷ್ಟು ರಾಜಕಾರಣಿಗಳು ಹೇಳಿಯಾರು?

ಇನ್ನು ಹಿಂಬಡ್ತಿಯ ಮಾತು. ಅಲ್ಲಿ ಮೇಯರ್ ಅವಧಿ ಆರು ವರ್ಷ. ಕೌನ್ಸಿಲರ್‌ಗಳೇ ಆರಿಸುವುದು, ನಮ್ಮ ಹಾಗೆಯೇ. ಆದರೆ ಆರಿಸಿದ ಮೇಲೆ ಊರಿನ ಆಡಳಿತ ನಡೆಸುವುದು ಮೇಯರ್. ಪ್ರಧಾನಿ ಕುರ್ಚಿ ನಿಂತಿರುವುದು ಅಧ್ಯಕ್ಷರ ಮರ್ಜಿಯ ಮೇಲೆ. ನನ್ನ ಲೆಕ್ಕಕ್ಕೆ ಅವರು ಅಲ್ಲಾಡುವ ಕುರ್ಚಿ ಬಿಟ್ಟು ಗಟ್ಟಿ ಕುರ್ಚಿಗೆ ಬಂದರು, ಅಷ್ಟೇ.

ನಮ್ಮ ಮಂಗಳೂರಿನಲ್ಲಿ ಮೇಯರ್‌ಗೆ ಒಂದೇ ವರ್ಷ. ನಾನು ಒಂದು ಕಾಂಟ್ರಾಕ್ಟ್ ಮುಗಿಸಿ ರಜೆಗೆ ಬರುವಷ್ಟರಲ್ಲಿ ಫ್ಲೆಕ್ಸಿನಲ್ಲಿ ಬೇರೆ ಮುಖ ಇರುತ್ತದೆ. ಕೆಲಸ ಆಗಬೇಕಾದರೆ ಜನ ಹೋಗುವುದು ಕಮಿಷನರ್ ಹತ್ತಿರ. ಹಾಗಾಗಿ ನಿಮಗೆ ಹಿಂಬಡ್ತಿ ಅನ್ನಿಸಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಫಿಲಿಪ್ 2021ರ ಅಕ್ಟೋಬರ್‌ನಲ್ಲಿ ಹೊಸ ಪಕ್ಷ ಕಟ್ಟಿದರು. ಘೋಷಣೆ ಮಾಡಿದ್ದು ಪ್ಯಾರಿಸ್‌ನಲ್ಲಲ್ಲ, ಲ ಹಾವ್ರ್‌ನಲ್ಲೇ. 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಗೂ ನಿಲ್ಲುತ್ತೇನೆ ಅಂದರು. ಅಂದರೆ ವಾಪಸ್ ಬಂದವರು ಮತ್ತೆ ಹೊರಟಿದ್ದಾರೆ.