ಕೂಲಂಟ್ ಕಡಿಮೆಯಾಯ್ತು ಅಂತ ಕೂಡಲೇ ಹೆಡ್ ಬಿಚ್ಚಬೇಡಿ

ಬದಿಯಡ್ಕದಿಂದ ಮಡಿಕೇರಿ ಘಾಟಿ ಹತ್ತಿ ಬಂದಾಗಲೆಲ್ಲ ಕಾರಿನಲ್ಲಿ ಅರ್ಧ ಲೀಟರ್ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಡಿಮೆಯಾಗುತ್ತದೆ, ಕೆಳಗೆ ಹನಿ ಇಲ್ಲ, ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವೆ ಇರುವ ಸೀಲ್) ಮನೆಯಲ್ಲೇ ಬದಲಿಸಬಹುದಾ ಎಂದು ಕೇಳಿದ್ದೀರಿ. ಬದಲಿಸಬಹುದು. ಆದರೆ ತೊಂದರೆ ಅಲ್ಲೇ ಇದೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಬಿಸಿ ಇಂಜಿನ್ ಮೇಲೆ ಸೋರಿದ್ದು ನೆಲಕ್ಕೆ ಬೀಳುವ ಮೊದಲೇ ಆರಿಹೋಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಹೋಸ್ ಕ್ಲಾಂಪ್‌ಗಳನ್ನು, ವಾಟರ್ ಪಂಪ್ ಕೆಳಗಿನ ಸಣ್ಣ ತೂತನ್ನು ನೋಡಿ. ನನ್ನ ಹಳೇ ಕಾರಿನಲ್ಲಿ ಆ ತೂತಿನ ಸುತ್ತ ಹಸಿರು ಉಪ್ಪಿನಂಥ ಪುಡಿ ಕಟ್ಟಿತ್ತು, ಉಗುರು ತಾಗಿಸಿದರೆ ಉದುರುತ್ತಿತ್ತು. ಪಂಪ್ ಬದಲಿಸಿದೆ, ಸರಿಹೋಯ್ತು. ಮುಂದಿನ ಸೀಟಿನವರು ಕಾಲಿಡುವ ಜಾಗದ ಮ್ಯಾಟ್ ಒದ್ದೆಯಿದ್ದರೆ ಹೀಟರ್ ಕೋರ್ (ಕಾರಿನ ಒಳಗೆ ಬಿಸಿ ಗಾಳಿ ಕೊಡುವ, ಕೂಲಂಟ್ ಹರಿಯುವ ಸಣ್ಣ ರೇಡಿಯೇಟರ್) ನೋಡಿ.

ಇನ್ನು ಗ್ಯಾಸ್ಕೆಟ್. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಬಿಸಿ ಇರುವಾಗ ಖಂಡಿತ ತೆಗೆಯಬೇಡಿ, ಮುಖ ಸುಟ್ಟೀತು. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ, ಆಯಿಲ್ ಹಾಲು ಚಹಾದ ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಜಾಸ್ತಿ. ನಮ್ಮ ಮಳೆಗಾಲದ ಬೆಳಗ್ಗೆ ಬಿಳಿ ಹೊಗೆ ಎಲ್ಲ ಕಾರಲ್ಲೂ ಬರುತ್ತದೆ ಅಲ್ವಾ? ಇಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಹೊಗೆ ಬಂದರೆ ಮಾತ್ರ ಚಿಂತೆ ಮಾಡಿ.

ಹೆಡ್ ತೆಗೆದರೆ ಸುಮ್ನೆ ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಬೇಡಿ. ಲೇತ್ ವರ್ಕ್‌ಶಾಪ್‌ನಲ್ಲಿ ಬಾಗಿದೆಯಾ ನೋಡಿಸಿ. ಎಷ್ಟೋ ಇಂಜಿನ್‌ಗಳಿಗೆ 0.05 ಮಿ.ಮೀ.ಗಿಂತ ಜಾಸ್ತಿ ಬಾಗಿದರೆ ಆಗುವುದಿಲ್ಲ. ಬೋಲ್ಟ್‌ಗಳನ್ನು ಮ್ಯಾನುಯಲ್ ಹೇಳಿದ ಕ್ರಮದಲ್ಲೇ ಹಂತಹಂತವಾಗಿ ಬಿಗಿಯಿರಿ, ಬಿಗಿಯುವಾಗ ಹಿಗ್ಗುವ ಜಾತಿಯ ಬೋಲ್ಟ್‌ಗಳಾದರೆ ಹೊಸದೇ ಹಾಕಿ. ಟಾರ್ಕ್ ವ್ರೆಂಚ್ (ಎಷ್ಟು ಬಲದಲ್ಲಿ ಬಿಗಿದಿದ್ದೇವೆ ಅಂತ ತೋರಿಸುವ ಸ್ಪ್ಯಾನರ್) ಇಲ್ಲದಿದ್ದರೆ ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ.